ಸೈಲೆನ್ಸರ್ ಬದಲಾಯಿಸಿದ್ರಾ? ಜೆಟ್ ಮುಟ್ಟುವ ಮೊದಲು ಆಕ್ಸಿಲರೇಟರಿಗೆ ಗುರುತು ಹಾಕಿ

ಹಾಸನದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರು, ಮಿಕ್ಸಿ, ಟೇಬಲ್ ಫ್ಯಾನು, ಇವೇ ಹೊಟ್ಟೆಪಾಡು. ಬುಲೆಟ್ ಕೆಲಸ ಭಾನುವಾರದ್ದು, ಕಾಸಿಗಲ್ಲ. ಆದರೂ ಹೊಸ ಸೈಲೆನ್ಸರ್ ಹಾಕಿಸಿಕೊಂಡ ಹುಡುಗರು ಅಂಗಡಿ ಮುಂದೆ ಗಾಡಿ ನಿಲ್ಲಿಸಿ, "ಅಣ್ಣಾ, ಸೌಂಡೇನೋ ಸೂಪರ್, ಆದ್ರೆ ಗಾಡಿ ಎಳೀತಿಲ್ಲ" ಅನ್ನುವುದು ನಡೆದೇ ಇದೆ. ಅವರಲ್ಲಿ ಅರ್ಧ ಜನ ಅಷ್ಟರಲ್ಲೇ ಯಾರದೋ ಮಾತು ಕೇಳಿ ಕಾರ್ಬುರೇಟರಿಗೆ ದೊಡ್ಡ ಮೇನ್ ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತಿನ ಹಿತ್ತಾಳೆ ತುಂಡು) ಹಾಕಿಸಿಕೊಂಡಿರುತ್ತಾರೆ. ಪೆಟ್ರೋಲ್ ಕುಡಿಯುವುದು ಜಾಸ್ತಿ ಆಗಿರುತ್ತದೆ, ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ.

ನಾನು ಇಲ್ಲಿ ಹೇಳುವುದು ನನ್ನ ಹತ್ತಿರ ಇರುವ ಗಾಡಿಯ ಲೆಕ್ಕ. 2013ರ ಕ್ಲಾಸಿಕ್ 350, ಯುಸಿಇ (ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಕವಚದಲ್ಲಿರುವ) ಎಂಜಿನ್, 346 ಸಿಸಿ, 29 ಮಿಲಿಮೀಟರ್ ಸಿವಿ ಕಾರ್ಬುರೇಟರ್. ಅಂದರೆ ಒಳಗಿನ ಸ್ಲೈಡನ್ನು ಕೇಬಲ್ ಎತ್ತುವುದಿಲ್ಲ, ಎಂಜಿನ್ನಿನ ಎಳೆತಕ್ಕೆ ರಬ್ಬರ್ ಡಯಾಫ್ರಮ್ ಎತ್ತುತ್ತದೆ. ಪಲ್ಸರ್ ಆಗಲಿ, ಯಮಹಾ ಆಗಲಿ, ಕಾರ್ಬುರೇಟರ್ ಇರುವ ಯಾವ ಗಾಡಿಗೂ ದಾರಿ ಇದೇ. ಜೆಟ್ ನಂಬರ್ ಮಾತ್ರ ಬೇರೆ. ಇಂಜೆಕ್ಷನ್ ಗಾಡಿಯವರಿಗೆ ಕೊನೆಯಲ್ಲಿ ಸ್ವಲ್ಪ ಹೇಳಿದ್ದೇನೆ.

ಸದ್ದಿನ ವಿಷಯ ಮೊದಲೇ ಮುಗಿಸಿಬಿಡೋಣ. ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ ಶಬ್ದ, ಹೊಗೆಯ ಮಿತಿ ಮೀರಿದ ಗಾಡಿಗೆ 10,000 ರೂಪಾಯಿವರೆಗೂ ದಂಡ ಬೀಳಬಹುದು, ಲೈಸೆನ್ಸಿಗೂ ಕುತ್ತು. ಪೊಲೀಸರು ಕಿತ್ತ ಸೈಲೆನ್ಸರ್‌ಗಳನ್ನು ರಸ್ತೆ ಮೇಲೆ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ ಫೋಟೋ ನೀವೂ ನೋಡಿರುತ್ತೀರಿ. ಒಳಗೆ ಬ್ಯಾಫಲ್, ಅಂದರೆ ಸದ್ದು ತಗ್ಗಿಸುವ ತಡೆ, ಇರುವುದನ್ನೇ ತೆಗೆದುಕೊಳ್ಳಿ, ಹಾಕಿದ ಮೇಲೆ ಅದನ್ನು ಬಿಚ್ಚಿ ಅಟ್ಟದ ಮೇಲೆ ಇಡಬೇಡಿ. ಕ್ಲಾಸಿಕ್ ಗಾಡಿಯ ಸೊಗಸು ಇರುವುದೇ ಕೆಳಗಿನ ಎಳೆತದಲ್ಲಿ. 4000 ಆರ್‌ಪಿಎಂಗೆಲ್ಲ 28 ಎನ್ಎಂ ಟಾರ್ಕ್ ಬಂದು ಮುಗಿದಿರುತ್ತದೆ. ಬರೀ ಪೈಪ್ ಸಿಕ್ಕಿಸಿದರೆ ಮೊದಲು ಕಳೆದುಕೊಳ್ಳುವುದು ಅದನ್ನೇ. ಆ ನಷ್ಟವನ್ನು ಯಾವ ಜೆಟ್ಟೂ ವಾಪಸ್ ತರಲ್ಲ.

ಲೀನ್ ಆಗುವುದು ಯಾಕೆ

ಕಂಪನಿ ಸೈಲೆನ್ಸರ್ ಒಳಗೆ ಗೋಡೆಗಳು, ತೂತಿನ ಪೈಪುಗಳು ಇರುತ್ತವೆ, ಕೆಲವದರಲ್ಲಿ ಕ್ಯಾಟಲಿಟಿಕ್ ಕನ್ವರ್ಟರೂ ಇರುತ್ತದೆ. ಹೊಗೆ ಸುತ್ತಿ ಬಳಸಿ ಹೊರಗೆ ಬರುತ್ತದೆ. ಹೊರಗಡೆ ಕೊಳ್ಳುವ ಸೈಲೆನ್ಸರ್‌ನಲ್ಲಿ ಸಾಮಾನ್ಯವಾಗಿ ಒಂದು ನೇರ ತೂತಿನ ಪೈಪು, ಸುತ್ತ ಗ್ಲಾಸ್ ವೂಲ್, ಅಷ್ಟೆ. ಹೊಗೆ ಸಲೀಸಾಗಿ ಹೋದರೆ ಸಿಲಿಂಡರಿಗೆ ಹೊಸ ಗಾಳಿ ಸ್ವಲ್ಪ ಜಾಸ್ತಿ ಬರುತ್ತದೆ. ಗಾಳಿಗೆ ತಕ್ಕ ಪೆಟ್ರೋಲನ್ನು ಕಾರ್ಬುರೇಟರ್ ತಾನಾಗಿಯೇ ಸ್ವಲ್ಪ ಎಳೆದುಕೊಳ್ಳುತ್ತದೆ, ಪೂರ್ತಿ ಅಲ್ಲ. ಹೀಗೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗುವುದೇ ಲೀನ್, ಜಾಸ್ತಿಯಾದರೆ ರಿಚ್.

ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಜೋರಾಗಿ ಎಳೆಯಬೇಕಾದಾಗ ಎಂಜಿನ್ನಿಗೆ ಇಷ್ಟವಾಗುವುದು 12.5ರಿಂದ 13. ಹೊಗೆ ಪರೀಕ್ಷೆ ಪಾಸಾಗಬೇಕಲ್ಲ, ಹಾಗಾಗಿ ಕಂಪನಿಯವರು ಮೊದಲೇ ಕೈ ಬಿಗಿ ಹಿಡಿದು ಪೆಟ್ರೋಲ್ ಕೊಟ್ಟಿರುತ್ತಾರೆ. ಅದರ ಮೇಲೆ ಸೈಲೆನ್ಸರ್ ಬದಲಾದರೆ ಇದ್ದ ಸ್ವಲ್ಪ ಸಡಿಲವೂ ಹೋಗುತ್ತದೆ.

ಇನ್ನೊಂದು ಕಾರಣ ಇದೆ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪೆಟ್ರೋಲೇ ಬದಲಾಗಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲೇ ಪ್ರಧಾನಿ ಇ20, ಅಂದರೆ 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲ್, ಬಿಡುಗಡೆ ಮಾಡಿದ್ದು. ಈಗ ಬಂಕಿನಲ್ಲಿ ಹಾಕಿಸುವುದು ಅದನ್ನೇ. ಎಥನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡು ಬರುತ್ತದೆ. ಅದಕ್ಕೆ ಬೇಕಾದ ಗಾಳಿ ಬರೀ 9 ಪಾಲು. 20 ಭಾಗ ಬೆರೆಸಿದರೆ 14.7 ಇದ್ದದ್ದು ಸುಮಾರು 13.5ಕ್ಕೆ ಇಳಿಯುತ್ತದೆ. 2013ರ ಕಾರ್ಬುರೇಟರಿಗೆ ಇದೆಲ್ಲ ಗೊತ್ತಿಲ್ಲ, ಅದು ಹಳೆ ಅಳತೆಯಲ್ಲೇ ಸುರಿಯುತ್ತಿರುತ್ತದೆ. ಹಾಗಾಗಿ ಹಳೆ ಗಾಡಿ ಸೈಲೆನ್ಸರ್ ಮುಟ್ಟದೇ ಇದ್ದರೂ ಲೀನ್ ಕಡೆಗೇ ವಾಲಿರುತ್ತದೆ. ಹೊಸ ಸೈಲೆನ್ಸರ್ ತಲೆ ಮೇಲೆ ಹೊರಿಸುವ ದೂರಿನಲ್ಲಿ ಒಂದು ಪಾಲು ಪೆಟ್ರೋಲಿನದು.

ಏರ್ ಫಿಲ್ಟರ್ ಬಾಕ್ಸ್ ಮಾತ್ರ ಹಾಗೇ ಇರಲಿ. ಬಾಕ್ಸ್ ಕಿತ್ತು ಕೋನ್ ಫಿಲ್ಟರ್ ಹಾಕಿದಿರೋ, ಕೆಳಗೆ ಹೇಳಿದ ಸಣ್ಣ ಬದಲಾವಣೆ ಯಾವುದೂ ಸಾಲುವುದಿಲ್ಲ. ನಮ್ಮ ಕಡೆಯ ಮಣ್ಣು ರಸ್ತೆ ಧೂಳಿನಲ್ಲಿ ಅದು ಬೇಕಾಗಿಯೂ ಇಲ್ಲ.

ಮೊದಲು ಸೋರಿಕೆ ಹುಡುಕಿ

ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟಾಗ ಹಿಂದಿನಿಂದ ಪಟ್ ಪಟ್ ಅಂತ ಸಿಡಿಯುತ್ತದಲ್ಲ, ಎಲ್ಲರೂ ಅದನ್ನು ಕೇಳಿದ ಕೂಡಲೇ "ಲೀನ್ ಆಗಿದೆ, ಜೆಟ್ ಹಾಕು" ಅನ್ನುತ್ತಾರೆ. ನನ್ನ ಮುಂದೆ ಬಂದ ಗಾಡಿಗಳಲ್ಲಿ ಹೆಚ್ಚಿನವು ಸಿಡಿಯುತ್ತಿದ್ದದ್ದು ಜೋಡಣೆ ಸರಿ ಇಲ್ಲದ್ದಕ್ಕೆ. ಸೈಲೆನ್ಸರ್ ಬದಲಿಸುವಾಗ ಎಂಜಿನ್ನಿನಿಂದ ಸೈಲೆನ್ಸರಿಗೆ ಬರುವ ಬೆಂಡ್ ಪೈಪ್ ಅಲುಗಾಡುತ್ತದೆ. ಹೆಡ್‌ನಲ್ಲಿ ಅದು ಕೂರುವ ಜಾಗದ ಗ್ಯಾಸ್ಕೆಟ್ ಒಂದು ಸಲ ಒತ್ತಿಸಿಕೊಂಡ ಮೇಲೆ ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ಅಲ್ಲಿಂದ ಪೈಪಿನೊಳಗೆ ಗಾಳಿ ಎಳೆಯುತ್ತದೆ, ಉರಿಯದೆ ಬಂದ ಪೆಟ್ರೋಲ್ ಆ ಗಾಳಿ ಸಿಕ್ಕಿ ಒಳಗೇ ಸಿಡಿಯುತ್ತದೆ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನೋಡುವುದು ಸುಲಭ. ಬೆಂಡ್ ಪೈಪಿನ ಬುಡಕ್ಕೂ, ಸೈಲೆನ್ಸರ್ ಸೇರುವ ಕ್ಲಾಂಪಿನ ಸುತ್ತಲೂ ಸೋಪಿನ ನೊರೆ ಹಚ್ಚಿ. ಗಾಡಿ ಸ್ಟಾರ್ಟ್ ಮಾಡಿ, ಇನ್ನೊಬ್ಬರಿಗೆ ದಪ್ಪ ಒದ್ದೆ ಬಟ್ಟೆಯಿಂದ ಸೈಲೆನ್ಸರ್ ಬಾಯನ್ನು ಎರಡು ಮೂರು ಸೆಕೆಂಡ್ ಅರ್ಧ ಮುಚ್ಚಲು ಹೇಳಿ. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲೇ ಸೋರಿಕೆ. ಪೈಪು ಬಿಸಿ ಏರುವ ಮೊದಲೇ ಮುಗಿಸಿ. ಹೊಸ ಗ್ಯಾಸ್ಕೆಟ್ ಹಾಕುವಾಗ ಒಂದು ಕ್ರಮ ಇದೆ. ಮೊದಲು ಎಲ್ಲ ನಟ್ಟು ಬೋಲ್ಟೂ ಸಡಿಲವಾಗಿ ಕೂರಿಸಿ, ಆಮೇಲೆ ಹೆಡ್ ಕಡೆಯದು ಬಿಗಿ ಮಾಡಿ, ಕೊನೆಗೆ ಹಿಂದಿನ ಬ್ರಾಕೆಟ್. ಹಿಂದಿನದನ್ನು ಮೊದಲು ಬಿಗಿ ಮಾಡಿದರೆ ಬೆಂಡ್ ಪೈಪ್ ಓರೆಯಾಗಿ ಕೂರುತ್ತದೆ.

ಕಾರ್ಬುರೇಟರ್ ಮತ್ತು ಹೆಡ್ ನಡುವಿನ ರಬ್ಬರನ್ನೂ ಬಗ್ಗಿಸಿ ನೋಡಿ. ಹತ್ತು ವರ್ಷ ಹಳೆಯದಾದರೆ ಕೆಳಗಿನ ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕು ಇರುತ್ತದೆ, ಮೇಲಿನಿಂದ ಕಾಣಲ್ಲ. ಅಲ್ಲಿಂದ ನುಗ್ಗುವ ಗಾಳಿಗೆ ಯಾವ ಜೆಟ್ ಹಾಕಿದರೂ ಪರಿಹಾರ ಇಲ್ಲ.

ಯುಸಿಇ ಗಾಡಿಯಲ್ಲಿ ಹೊಗೆಯ ದಾರಿಗೆ ಹೊಸ ಗಾಳಿ ಬಿಡುವ ಒಂದು ವಾಲ್ವ್ ಇದೆ, ಪಿಎವಿ ಅನ್ನುತ್ತಾರೆ. ಉಳಿದ ಪೆಟ್ರೋಲ್ ಪೈಪಿನಲ್ಲೇ ಉರಿದುಹೋಗಲಿ ಅಂತ ಅದನ್ನು ಇಟ್ಟಿರುವುದು. ಸೋರಿಕೆ ಇಲ್ಲದೆಯೂ ಸಿಡಿಯುತ್ತಿದ್ದರೆ ಅದರ ರಬ್ಬರ್ ಪೈಪನ್ನು ಇಕ್ಕಳದಿಂದ ಮೆಲ್ಲಗೆ ಒತ್ತಿ ಹಿಡಿದು, ರೇಸ್ ಕೊಟ್ಟು ಬಿಟ್ಟು ನೋಡಿ. ಸದ್ದು ನಿಂತರೆ ಸಿಡಿಯಲು ಬೇಕಾದ ಗಾಳಿ ಅಲ್ಲಿಂದ ಬರುತ್ತಿದೆ ಅಂತಾಯಿತು. ಇದು ಪರೀಕ್ಷೆ ಮಾತ್ರ. ಗೋಲಿ ತುರುಕಿ ಖಾಯಂ ಮುಚ್ಚುವವರಿದ್ದಾರೆ, ಅದು ಹೊಗೆ ಕಡಿಮೆ ಮಾಡಲು ಇಟ್ಟ ಭಾಗ, ಇರಲಿ ಬಿಡಿ. ಐಡ್ಲಿಂಗ್ ಮಿಶ್ರಣ ಸರಿ ಮಾಡಿದರೆ ಸದ್ದು ಬಹಳ ಮಟ್ಟಿಗೆ ತಗ್ಗುತ್ತದೆ. ಆಗೊಮ್ಮೆ ಈಗೊಮ್ಮೆ ಒಂದು ಪಟ್ ಅಂದರೆ ಏನೂ ಆಗಲ್ಲ.

ಟ್ಯಾಪೆಟ್ ಸಡಿಲ ಸರಿ ಮಾಡುವ ಚಿಂತೆ ಈ ಎಂಜಿನ್ನಿಗೆ ಇಲ್ಲ, ಹೈಡ್ರಾಲಿಕ್, ತಾನೇ ಸರಿ ಮಾಡಿಕೊಳ್ಳುತ್ತದೆ. ಹೊಸ ಪ್ಲಗ್, ಸ್ವಚ್ಛ ಏರ್ ಫಿಲ್ಟರ್ ಹಾಕಿಕೊಂಡು ಮುಂದಕ್ಕೆ ಹೋಗೋಣ.

ಟೇಪ್ ಅಂಟಿಸಿ

ಈ ಇಡೀ ಕೆಲಸದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ತೊಂದರೆ ಎಷ್ಟು ಸ್ಪೀಡಿನಲ್ಲಿ ಬರುತ್ತದೆ ಅನ್ನುವುದು ಮುಖ್ಯ ಅಲ್ಲ. ಆಕ್ಸಿಲರೇಟರ್ ಎಷ್ಟು ತಿರುಗಿದಾಗ ಬರುತ್ತದೆ ಅನ್ನುವುದು ಮುಖ್ಯ. "60ರಲ್ಲಿ ಮಿಸ್ಸಿಂಗ್" ಅಂದರೆ ನನಗೆ ಏನೂ ಗೊತ್ತಾಗಲ್ಲ. ಇಳಿಜಾರಿನ 60ಕ್ಕೆ ಕಾಲು ಭಾಗ ಸಾಕು, ಏರಿನ 60ಕ್ಕೆ ಮುಕ್ಕಾಲು ಬೇಕು. ಕಾರ್ಬುರೇಟರ್ ಒಳಗೆ ಆ ಎರಡು ಹೊತ್ತಿನಲ್ಲೂ ಪೆಟ್ರೋಲ್ ಕೊಡುತ್ತಿರುವ ಭಾಗಗಳೇ ಬೇರೆ.

ಬಿಳಿ ಇನ್ಸುಲೇಷನ್ ಟೇಪ್ ತಗೊಳ್ಳಿ. ಒಂದು ತುಂಡು ಆಕ್ಸಿಲರೇಟರ್ ಹಿಡಿಯ ಅಂಚಿಗೆ, ಇನ್ನೊಂದು ಅದರ ಪಕ್ಕದ ಅಲುಗಾಡದ ಸ್ವಿಚ್ ಬಾಕ್ಸ್ ಮೇಲೆ. ಹಿಡಿ ಮೇಲೆ ಒಂದೇ ಗೆರೆ. ಸ್ವಿಚ್ ಬಾಕ್ಸ್ ಮೇಲೆ ಪೂರ್ತಿ ಬಿಟ್ಟಾಗ ಒಂದು ಗೆರೆ, ಪೂರ್ತಿ ತಿರುಗಿಸಿದಾಗ ಇನ್ನೊಂದು, ಮಧ್ಯೆ ಕಾಲು, ಅರ್ಧ, ಮುಕ್ಕಾಲು. ಕೇಬಲ್ ಸಡಿಲ ಇದ್ದರೆ ಮೊದಲು ಅದನ್ನು ಸರಿ ಮಾಡಿ, ಇಲ್ಲದಿದ್ದರೆ ಗುರುತು ಸುಳ್ಳು ಹೇಳುತ್ತದೆ.

ಪೂರ್ತಿ ಮುಚ್ಚಿದಲ್ಲಿಂದ ಸುಮಾರು ಎಂಟನೇ ಒಂದು ಭಾಗದವರೆಗೆ ಸ್ಲೋ ಜೆಟ್ (ಐಡ್ಲಿಂಗಿನ ಸಣ್ಣ ಜೆಟ್) ಮತ್ತು ಮಿಕ್ಸ್ಚರ್ ಸ್ಕ್ರೂ ಕೆಲಸ. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್, ಅಂದರೆ ಸ್ಲೈಡಿನ ಜೊತೆ ಏರಿಳಿಯುವ ಚೂಪು ಕಡ್ಡಿ. ಮುಕ್ಕಾಲಿನ ಮೇಲೆ ಮೇನ್ ಜೆಟ್. ಗಡಿ ಕತ್ತರಿಸಿದ ಹಾಗೆ ಇರುವುದಿಲ್ಲ, ಒಂದರೊಳಗೆ ಒಂದು ಬೆರೆಯುತ್ತದೆ. ಸಿವಿ ಕಾರ್ಬುರೇಟರ್ ಆದ್ದರಿಂದ ಇನ್ನೊಂದು ತಕರಾರು. ಟಾಪ್ ಗೇರಿನಲ್ಲಿ ಮೆಲ್ಲಗೆ ಹೋಗುತ್ತಾ ಫಟ್ಟನೆ ಪೂರ್ತಿ ತಿರುಗಿಸಿದರೂ ಸ್ಲೈಡ್ ಆಗಲೇ ಮೇಲೇರುವುದಿಲ್ಲ, ಎಂಜಿನ್ ಎಳೆದಷ್ಟೇ ಏರುತ್ತದೆ. ಹಾಗಾಗಿ ಪರೀಕ್ಷೆ ಮಾಡುವಾಗ ಎಂಜಿನ್ ಆಗಲೇ ಚುರುಕಾಗಿ ತಿರುಗುತ್ತಿರಬೇಕು.

ದಿನಾ ಓಡಾಡುವಾಗ ಕೈ ಬಹುಪಾಲು ಎಂಟನೇ ಒಂದರಿಂದ ಅರ್ಧದೊಳಗೇ ಇರುತ್ತದೆ. ಟೇಪ್ ಅಂಟಿಸಿಕೊಂಡು ಒಂದು ವಾರ ಓಡಿಸಿ, ನಿಮಗೇ ಆಶ್ಚರ್ಯ ಆಗುತ್ತದೆ. ಮೇನ್ ಜೆಟ್ಟಿಗೆ ದುಡ್ಡು ಸುರಿದವರು ಅದನ್ನು ಬಳಸುವುದೇ ಅಪರೂಪ!

ಮೇಲಿನಿಂದ ಕೆಳಕ್ಕೆ

ಮೊದಲು ಮೇನ್ ಜೆಟ್, ಆಮೇಲೆ ನೀಡಲ್, ಕೊನೆಗೆ ಐಡ್ಲಿಂಗ್. ಮೇಲಿನದು ಬದಲಾದರೆ ಕೆಳಗಿನದಕ್ಕೂ ಅಷ್ಟಿಷ್ಟು ತಾಗುತ್ತದೆ, ಅದಕ್ಕೇ ಈ ಕ್ರಮ. ಒಂದು ಸಲಕ್ಕೆ ಒಂದೇ ಬದಲಾವಣೆ. ವೈಂಡಿಂಗ್‌ನಲ್ಲಿ ಗುರುತು ಹಾಕದೆ ಎರಡು ಕಾಯಿಲ್ ಒಟ್ಟಿಗೆ ಕಿತ್ತರೆ ಯಾವ ತುದಿ ಎಲ್ಲಿಯದು ಅಂತ ಸಂಜೆವರೆಗೂ ಹುಡುಕಬೇಕಾಗುತ್ತದೆ, ಇದೂ ಹಾಗೆಯೇ.

ಮೇನ್ ಜೆಟ್ ಪರೀಕ್ಷೆಗೆ ಟಾಪ್ ಸ್ಪೀಡ್ ಹೊಡೆಯಬೇಕಿಲ್ಲ. ಸಕಲೇಶಪುರದ ಕಡೆ ಹೋಗುವ ರಸ್ತೆಯಲ್ಲಿ ಬೆಳಗಿನ ಹೊತ್ತು ಒಂದು ಖಾಲಿ ಏರು ನೋಡಿಕೊಂಡಿದ್ದೇನೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮೂರನೇ ಗೇರಿನಲ್ಲಿ ಏರು ಹತ್ತುತ್ತಾ ಪೂರ್ತಿ ತಿರುಗಿಸಿ ಹಿಡಿಯುವುದು. ಚೆನ್ನಾಗಿ ಎಳೆಯುತ್ತಿರುವಾಗ ಆಕ್ಸಿಲರೇಟರನ್ನು ಒಂದು ಚೂರು ಮಾತ್ರ ಹಿಂದಕ್ಕೆ ಬಿಡಿ. ಬಿಟ್ಟ ಕ್ಷಣ ಗಾಡಿ ಇನ್ನೂ ಮುಂದಕ್ಕೆ ಜಗ್ಗಿದಂತಾದರೆ ಲೀನ್, ದೊಡ್ಡ ನಂಬರ್ ಬೇಕು. ಪೂರ್ತಿ ತಿರುಗಿಸಿದಾಗ ಬೊಬ್ಬೊಬ್ಬೊ ಅಂತ ಗಂಟಲು ಕಟ್ಟಿದ ಸದ್ದು ಬಂದು, ಬಿಟ್ಟಾಗ ಬರೀ ಸದ್ದು ತಿಳಿಯಾದರೆ ರಿಚ್, ಚಿಕ್ಕದು ಬೇಕು. ಎರಡೂ ಇಲ್ಲ, ಸುಮ್ನೆ ಎಳೆತ ಕಡಿಮೆಯಾಯಿತು ಅಂದರೆ ಇದ್ದದ್ದೇ ಸರಿ. ಮುಟ್ಟಬೇಡಿ. ಬಾಕ್ಸ್ ಹಾಗೇ ಇದ್ದು ಸೈಲೆನ್ಸರ್ ಮಾತ್ರ ಬದಲಾಗಿದ್ದರೆ ಒಂದು ನಂಬರ್ ಏರಿಸುವುದೋ, ಹೆಚ್ಚೆಂದರೆ ಎರಡೋ. ಅಷ್ಟಕ್ಕಿಂತ ಜಾಸ್ತಿ ಬೇಕು ಅನ್ನಿಸಿದರೆ ವಾಪಸ್ ಹೋಗಿ ಸೋರಿಕೆ ಹುಡುಕಿ.

ಪ್ಲಗ್ ಬಣ್ಣ ನೋಡುವವರಿಗೆ ಒಂದು ಮಾತು. ಕಂದು ಬಣ್ಣ, ಇಟ್ಟಿಗೆ ಬಣ್ಣ ಅನ್ನುವುದು ಸೀಸ ಬೆರೆಸಿದ ಪೆಟ್ರೋಲಿನ ಕಾಲದ್ದು. ಈಗಿನ ಪೆಟ್ರೋಲಿನಲ್ಲಿ ಸರಿ ಇರುವ ಗಾಡಿಯ ಪ್ಲಗ್ಗೂ ಬೆಳ್ಳಗೇ ಕಾಣುತ್ತದೆ. ಅದನ್ನು ನೋಡಿ ಜೆಟ್ ಏರಿಸುತ್ತಾ ಹೋದರೆ ಮೈಲೇಜ್ ಕರಗಿ ಹೋಗುತ್ತದೆ.

ಜೆಟ್ ಬದಲಿಸಲು ಪೆಟ್ರೋಲ್ ಬಂದ್ ಮಾಡಿ, ಕಾರ್ಬುರೇಟರ್ ಕೆಳಗಿನ ಪೆಟ್ರೋಲ್ ಬೌಲಿನ ಡ್ರೈನ್ ಸ್ಕ್ರೂ ಬಿಚ್ಚಿ ಒಳಗಿದ್ದದ್ದನ್ನು ಬಾಟಲಿಗೆ ಇಳಿಸಿ. ಬೀಡಿ, ಸಿಗರೇಟು, ಬಿಸಿ ಎಂಜಿನ್ ಯಾವುದೂ ಹತ್ತಿರ ಇರಬಾರದು. ಎರಡೂ ಕಡೆಯ ಕ್ಲಾಂಪ್ ಸಡಿಲಿಸಿ ಕಾರ್ಬುರೇಟರನ್ನು ನಿಮ್ಮ ಕಡೆ ಹೊರಳಿಸಿಕೊಳ್ಳಿ. ಪಕ್ಕದಲ್ಲಿ ವೈರ್ ಬಂದಿರುವ ಸಣ್ಣ ಕಪ್ಪು ಸೆನ್ಸರ್ ಕಾಣುತ್ತದೆ, ಟಿಪಿಎಸ್, ಆಕ್ಸಿಲರೇಟರ್ ಎಷ್ಟು ತೆರೆದಿದೆ ಅಂತ ಹೇಳುವುದು. ಅದರ ಸ್ಕ್ರೂ ಮಾತ್ರ ಅಲುಗಾಡಿಸಬೇಡಿ, ಇಗ್ನಿಷನ್ ಟೈಮಿಂಗ್ ಅದನ್ನು ನೋಡಿಕೊಂಡು ನಡೆಯುತ್ತದೆ. ಬೌಲಿನ ಸ್ಕ್ರೂಗಳು ಮೆತ್ತಗೆ. ತುದಿ ಸವೆದ ಸ್ಟಾರ್ ಸ್ಕ್ರೂ ಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆದು ಹೋಗುತ್ತದೆ, ಆಮೇಲೆ ಡ್ರಿಲ್ ಹಾಕಿಯೇ ತೆಗೆಯಬೇಕು. ಅಳತೆಗೆ ಸರಿಯಾಗಿ ಕೂರುವುದನ್ನು ಇಟ್ಟು, ಹಿಂದಿನಿಂದ ಸುತ್ತಿಗೆಯಲ್ಲಿ ಒಂದು ಸಣ್ಣ ಪೆಟ್ಟು ಕೊಟ್ಟು ತಿರುಗಿಸಿ.

ಜೆಟ್ ಅಂದರೆ ಉಗುರಿನಷ್ಟಿಲ್ಲದ ಹಿತ್ತಾಳೆ ತುಂಡು. ತಲೆಯ ಮೇಲೆ ನಂಬರ್ ಕೊರೆದಿರುತ್ತದೆ. ವೈಂಡಿಂಗ್ ತಂತಿ ನೋಡಲು ಇಟ್ಟುಕೊಂಡ ಲೆನ್ಸಿನಲ್ಲಿ ಓದುತ್ತೇನೆ, ಬರಿಗಣ್ಣಿಗೆ 112.5ರ ಚುಕ್ಕೆ ಕಾಣಲ್ಲ. ಟ್ಯೂಬ್‌ಲೈಟ್ ಕಡೆ ಹಿಡಿದು ತೂತಿನೊಳಗೆ ನೋಡಿ. ಒಳ್ಳೆಯ ಜೆಟ್ಟಿನ ತೂತು ಗುಂಡಗೆ, ಅಂಚು ನುಣ್ಣಗೆ ಹೊಳೆಯುತ್ತದೆ. ಒಮ್ಮೆ ಅಗ್ಗದ್ದೊಂದು ಪ್ಯಾಕೆಟ್ ತಂದಾಗ 115 ಅಂತ ಒತ್ತಿದ ಎರಡು ಜೆಟ್ಟಿನ ತೂತು ಅಕ್ಕಪಕ್ಕ ಹಿಡಿದರೆ ಬೇರೆ ಬೇರೆಯಾಗಿ ಕಾಣುತ್ತಿದ್ದವು, ಒಂದರೊಳಗೆ ಹಿತ್ತಾಳೆಯ ಮುಳ್ಳು ಬೇರೆ ಇತ್ತು. ನಂಬರ್ ಏರಿಸಿದಿರೋ ಇಳಿಸಿದಿರೋ ಅನ್ನುವುದೇ ತಿಳಿಯದ ಮೇಲೆ ಟ್ಯೂನಿಂಗ್ ಎಲ್ಲಿಂದ ಬಂತು? ನಾನೀಗ ಬೆಂಗಳೂರಿಗೆ ಹೋದಾಗ ಜೆ.ಸಿ. ರೋಡಿನಲ್ಲಿ ನಾಲ್ಕು ಅಂಗಡಿ ಸುತ್ತಿ, ಲೆನ್ಸ್ ಹಿಡಿದು ನೋಡಿಯೇ ತರುತ್ತೇನೆ. ಅಂಗಡಿಯವರು ನಗುತ್ತಾರೆ, ನಗಲಿ. ಹಳೆ ಜೆಟ್ಟಿನ ತೂತನ್ನು ಸೂಜಿಯಲ್ಲಿ ದೊಡ್ಡದು ಮಾಡಿಸಿಕೊಳ್ಳುವ ಪದ್ಧತಿಯೂ ಇದೆ. ಅದು ಬೇಡವೇ ಬೇಡ, ಮತ್ತೆ ಹಿಂದಕ್ಕೆ ಬರಲು ದಾರಿ ಇರುವುದಿಲ್ಲ.

ನೀಡಲ್ ಕೆಲಸಕ್ಕೆ ಮೇಲಿನ ಮುಚ್ಚಳ ತೆಗೆಯಬೇಕು. ಒಳಗೆ ಸ್ಪ್ರಿಂಗ್ ಇದೆ, ಅಂಗೈ ಅಡ್ಡ ಇಟ್ಟುಕೊಂಡು ಬಿಚ್ಚಿ. ಸ್ಲೈಡ್ ಜೊತೆ ಡಯಾಫ್ರಮ್ ಮೇಲೆ ಬರುತ್ತದೆ. ಅದನ್ನು ಬೆಳಕಿಗೆ ಹಿಡಿದು ಸೂಜಿಮೊನೆ ತೂತು ಇದೆಯಾ ನೋಡಿ, ಇದ್ದರೆ ಬೇರೆಯದೆಲ್ಲ ವ್ಯರ್ಥ. ನೀಡಲ್ ತುದಿಯಲ್ಲಿ ಹಲವು ಗೀರು ಇದ್ದರೆ ಕ್ಲಿಪ್ಪನ್ನು ಒಂದು ಗೀರು ಕೆಳಕ್ಕೆ ಹಾಕಿ. ಕ್ಲಿಪ್ ಕೆಳಗೆ ಹೋದರೆ ನೀಡಲ್ ಮೇಲೇರುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ಗೀರು ಒಂದೇ ಇದ್ದರೆ ಕ್ಲಿಪ್ ಅಡಿಗೆ ಅರ್ಧ ಮಿಲಿಮೀಟರಿನ ತೆಳು ವಾಷರ್. ಇದು ಕೇಳಲು ಸಣ್ಣ ಕೆಲಸ, ಓಡಿಸುವಾಗ ಅತಿ ದೊಡ್ಡ ವ್ಯತ್ಯಾಸ ತರುವುದು ಇದೇ. ಅರ್ಧ ಆಕ್ಸಿಲರೇಟರಿನಲ್ಲಿ ಹೋಗುವಾಗ ಗಾಡಿ ಮುಂದಕ್ಕೂ ಹಿಂದಕ್ಕೂ ತೂಗಾಡುತ್ತದಲ್ಲ, ಒಂದೇ ವಾಷರಿಗೆ ಅದು ನಿಂತುಹೋಗುವುದನ್ನು ನೋಡಿದ್ದೇನೆ. ಹಾಕುವ ಮುನ್ನ ಬೇಕಾ ಬೇಡವಾ ತಿಳಿಯಲು ಚೋಕ್ ಪರೀಕ್ಷೆ ಇದೆ. ಖಾಲಿ ರಸ್ತೆಯಲ್ಲಿ ಅರ್ಧದ ಗುರುತಿಗೆ ಹಿಡಿದು ಹೋಗುತ್ತಾ ಚೋಕ್ ಸ್ವಲ್ಪವೇ ಎಳೆಯಿರಿ. ಗಾಡಿ ಚುರುಕಾದರೆ ಲೀನ್, ಉಸಿರು ಕಟ್ಟಿದಂತಾದರೆ ರಿಚ್.

ಮುಚ್ಚಳ ಹಾಕುವಾಗ ಡಯಾಫ್ರಮ್ಮಿನ ಅಂಚಿನ ಪುಟ್ಟ ಕಿವಿ ತನ್ನ ಗೂಡಿನಲ್ಲಿ ಕೂತಿರಬೇಕು. ಅದು ಮಡಚಿಕೊಂಡರೆ ಸ್ಲೈಡ್ ಏರುವುದಿಲ್ಲ. ನನ್ನ ಅಕ್ಕನ ಮಗ ತಾನೇ ವಾಷರ್ ಹಾಕಿಕೊಂಡು, "ಮಾಮ, ಮೊದಲಾದ್ರೂ ಎಂಬತ್ತು ಹೋಗ್ತಿತ್ತು, ಈಗ ಐವತ್ತು ದಾಟ್ತಿಲ್ಲ" ಅಂತ ಫೋನ್ ಮಾಡಿದ್ದ. ಮುಚ್ಚಳ ತೆಗೆದರೆ ಕಿವಿ ಮಡಚಿ ಕೂತಿತ್ತು, ಅಷ್ಟೆ.

ಐಡ್ಲಿಂಗ್, ಎಮಿಷನ್ ಸೆಂಟರ್

ಮಿಕ್ಸ್ಚರ್ ಸ್ಕ್ರೂವನ್ನು ಮೊದಲು ಮೆಲ್ಲಗೆ ಪೂರ್ತಿ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ಆಯಿತು ಅಂತ ಬರೆದಿಟ್ಟುಕೊಳ್ಳಿ. ಬಿಗಿಯಬೇಡಿ, ತುದಿ ಸೂಜಿಯಂತಿರುತ್ತದೆ. ಈ ಸಿವಿ ಕಾರ್ಬುರೇಟರಿನಲ್ಲಿ ಅದು ಎಂಜಿನ್ ಕಡೆಗೆ ಇದೆ, ಹೊರಕ್ಕೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ. ಹಳೆ ಬುಲೆಟ್ಟಿನ ಸ್ಲೈಡ್ ಕಾರ್ಬುರೇಟರಿನಲ್ಲಿ ಸ್ಕ್ರೂ ಫಿಲ್ಟರ್ ಕಡೆ ಇರುತ್ತದೆ, ಅದನ್ನು ಹೊರಕ್ಕೆ ತಿರುಗಿಸಿದರೆ ಗಾಳಿ ಜಾಸ್ತಿ. ಮೆಕ್ಯಾನಿಕ್‌ಗಳು ಎರಡಕ್ಕೂ ಏರ್ ಸ್ಕ್ರೂ ಅನ್ನುತ್ತಾರೆ, ಹಾಗಾಗಿ ಯಾವ ಕಡೆ ಇದೆ ನೋಡಿಕೊಂಡೇ ತಿರುಗಿಸಿ.

ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು ಎರಡು ಸುತ್ತಿನಿಂದ ಶುರು ಮಾಡಿ, ಕಾಲು ಕಾಲು ಸುತ್ತು ತಿರುಗಿಸುತ್ತಾ ಎಂಜಿನ್ ಎಲ್ಲಿ ಜೋರಾಗಿ, ಸಮನಾಗಿ ಓಡುತ್ತದೆ ಕೇಳಿ. ಆಮೇಲೆ ಐಡ್ಲಿಂಗ್ ಸ್ಕ್ರೂನಿಂದ ವೇಗ ಇಳಿಸಿ. ಮೂರು ಸುತ್ತು ದಾಟಿದರೂ ಇನ್ನೂ ಬೇಕು ಅನ್ನಿಸಿದರೆ ಸ್ಲೋ ಜೆಟ್ ಒಂದು ನಂಬರ್ ದೊಡ್ಡದು ಹಾಕಬೇಕು. ಒಂದು ಸುತ್ತಿನೊಳಗೇ ಸರಿ ಆದರೆ ಚಿಕ್ಕದು.

ಅದಕ್ಕೂ ಮುಂಚೆ ಇದ್ದ ಸ್ಲೋ ಜೆಟ್ ಕಟ್ಟಿಕೊಂಡಿಲ್ಲ ಅನ್ನುವುದು ಖಾತ್ರಿ ಇರಲಿ. ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಅದು ಕಟ್ಟಿಕೊಳ್ಳದೆ ಇರುವುದೇ ಕಡಿಮೆ. 25 ನಂಬರ್ ಜೆಟ್ಟಿನ ತೂತು ಕಾಲು ಮಿಲಿಮೀಟರಿನ ಆಸುಪಾಸು. ಅಂಗಡಿಯಲ್ಲಿ 14/36 ವೈರ್ ಅಂತ ಬಳಸುತ್ತೇವೆ, ಅಂದರೆ 36 ಗೇಜಿನ 14 ಎಳೆ. ಒಂದೊಂದು ಎಳೆ 0.19 ಮಿಲಿಮೀಟರ್. ಒಂದೇ ಒಂದು ಎಳೆ ಎಳೆದು ತೆಗೆದರೆ ತೂತಿನಲ್ಲಿ ಸಲೀಸಾಗಿ ಹೋಗಿಬರುತ್ತದೆ. ತಾಮ್ರ ಮೆತ್ತಗೆ, ಹಿತ್ತಾಳೆಯನ್ನು ಕೆರೆಯುವುದಿಲ್ಲ. ಸ್ಟೀಲ್ ಸೂಜಿ, ಪಿನ್ನು ಹಾಕಬಾರದು.

ಈಗ ಗಾಡಿ ತೆಗೆದುಕೊಂಡು ಬಂಕಿನ ಪಕ್ಕದ ಎಮಿಷನ್ ಸೆಂಟರಿಗೆ ಹೋಗಿ. ಸರ್ಟಿಫಿಕೇಟಿಗೆ ಅಲ್ಲ, ಮೀಟರಿಗೆ. ಹೆಚ್ಚಿನವರು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ಬರುತ್ತಾರೆ. ಅದರ ಮೇಲೆ ಸಿಒ (ಕಾರ್ಬನ್ ಮೊನಾಕ್ಸೈಡ್) ಎಷ್ಟು ಪರ್ಸೆಂಟ್, ಎಚ್‌ಸಿ (ಉರಿಯದೆ ಉಳಿದ ಪೆಟ್ರೋಲ್) ಎಷ್ಟು ಪಿಪಿಎಂ (ಹತ್ತು ಲಕ್ಷಕ್ಕೆ ಎಷ್ಟು ಪಾಲು) ಅಂತ ಇರುತ್ತದೆ. ಐಡ್ಲಿಂಗ್ ಮಿಶ್ರಣದ ಜಾತಕ ಅದು. ಸಿಒ ಏರಿದರೆ ರಿಚ್. ಸಿಒ ತೀರಾ ಕಡಿಮೆ ಇದ್ದು ಎಚ್‌ಸಿ ಮಾತ್ರ ಮೇಲಿದ್ದರೆ ಲೀನ್ ಆಗಿ ಮಿಸ್ಸಿಂಗ್ ಹೊಡೆಯುತ್ತಿದೆ ಅಂತ. ಎರಡೂ ಜಾಸ್ತಿ ಇದ್ದರೆ ಪೆಟ್ರೋಲ್ ಸುಮ್ನೆ ಸುರಿಯುತ್ತಿದೆ. ಬಿಎಸ್4 ಹೊಗೆ ನಿಯಮಕ್ಕಿಂತ ಮೊದಲಿನ ನನ್ನದರಂಥ ಫೋರ್ ಸ್ಟ್ರೋಕ್ ಗಾಡಿಗೆ ಮಿತಿ ಸಿಒ 3.5 ಪರ್ಸೆಂಟ್, ಎಚ್‌ಸಿ 4,500 ಪಿಪಿಎಂ. ಬಿಎಸ್4ಕ್ಕೆ ಇನ್ನೂ ಬಿಗಿ.

ಜನ ಇಲ್ಲದ ಮಧ್ಯಾಹ್ನ ಹೋಗಿ, "ಪ್ರೋಬ್ ಒಂದೈದು ನಿಮಿಷ ಹಾಗೇ ಬಿಡಿ ಅಣ್ಣ, ಸ್ಕ್ರೂ ಸ್ವಲ್ಪ ನೋಡ್ಕೋತೀನಿ" ಅಂತ ಕೇಳಿ. ಕಾಸು ಜಾಸ್ತಿ ಕೇಳಿದರೆ ಕೊಡಿ. ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಕಾಯಿರಿ, ನಂಬರ್ ನಿಂತ ಮೇಲೆ ಓದಿ. ಕಿವಿಗೆ ಸರಿ ಅನ್ನಿಸಿದ ಜಾಗಕ್ಕೂ ಮೀಟರ್ ಹೇಳುವ ಜಾಗಕ್ಕೂ ಒಮ್ಮೊಮ್ಮೆ ಅರ್ಧ ಸುತ್ತು ವ್ಯತ್ಯಾಸ ಇರುತ್ತದೆ. ನನ್ನ ಗಾಡಿಗೆ ಸಿಒ ಒಂದೂವರೆಯಿಂದ ಎರಡೂವರೆ ಒಳಗೆ, ಎಚ್‌ಸಿ ಕೆಳಗಿದ್ದರೆ ಸಮಾಧಾನ. ಸೈಲೆನ್ಸರಿನಲ್ಲಿ ಸೋರಿಕೆ ಉಳಿದಿದ್ದರೆ ಹೊರಗಿನ ಗಾಳಿ ಬೆರೆತು ಮೀಟರ್ ಕಡಿಮೆ ತೋರಿಸುತ್ತದೆ. ಸೋರಿಕೆಯ ಕೆಲಸ ಮೊದಲು ಅಂದದ್ದು ಇದಕ್ಕೂ ಸೇರಿಸಿ.

ಘಾಟಿ ಇಳಿಯುವವರಿಗೆ

ಹಾಸನ ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಮೇಲೆ. ಗಾಳಿ ಮಂಗಳೂರಿಗಿಂತ ಸುಮಾರು 9 ಪರ್ಸೆಂಟ್ ತೆಳು. ಇಲ್ಲಿ ಎಳ್ಳಷ್ಟೂ ಸಡಿಲ ಬಿಡದೆ ಟ್ಯೂನ್ ಮಾಡಿದ ಗಾಡಿ ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ ಮುಟ್ಟುವ ಹೊತ್ತಿಗೆ ನಾಲ್ಕೈದು ಪರ್ಸೆಂಟ್ ಲೀನ್ ಆಗಿರುತ್ತದೆ. ಬೆಂಗಳೂರು, ಮೈಸೂರು, ಚಿಕ್ಕಮಗಳೂರಿನವರಿಗೂ ಇದೇ ಲೆಕ್ಕ. ಕರಾವಳಿಗೆ ಆಗಾಗ ಹೋಗುವವರಾದರೆ ಎರಡು ಮೇನ್ ಜೆಟ್ಟಿನ ಮಧ್ಯೆ ಯಾವುದು ಅಂತ ಅನುಮಾನ ಬಂದಾಗ ದೊಡ್ಡದನ್ನೇ ಇಡಿ. ಮಂಗಳೂರಿನವರು ಅಲ್ಲಿ ಟ್ಯೂನ್ ಮಾಡಿಕೊಂಡು ಮುಳ್ಳಯ್ಯನಗಿರಿ ಹತ್ತಿದರೆ ಇದಕ್ಕೆ ಉಲ್ಟಾ. ಮೇಲೆ ಗಾಡಿ ಸ್ವಲ್ಪ ಮಂಕಾಗುತ್ತದೆ, ಕೆಡುವುದೇನೂ ಇಲ್ಲ. ಲಡಾಖ್ ಬೇರೆ ಕತೆ, ಅಲ್ಲಿಗೆ ಹೋಗುವವರು ಚಿಕ್ಕ ಜೆಟ್ ಜೇಬಿನಲ್ಲಿ ಇಟ್ಟುಕೊಂಡಿರಲಿ.

ಇಂಜೆಕ್ಷನ್ ಗಾಡಿ

ಬಿಎಸ್6 ಬಂದ ಮೇಲಿನ ಗಾಡಿಗಳು ಬಹುಪಾಲು ಇಂಜೆಕ್ಷನ್. ಬೆಂಡ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು (ಎಂಜಿನ್ನಿನ ಕಂಪ್ಯೂಟರ್) ತಾನೇ ಪೆಟ್ರೋಲ್ ಸರಿ ಮಾಡಿಕೊಳ್ಳುತ್ತದೆ, ನಿಧಾನವಾಗಿ ಓಡಿಸುವಾಗ ಮಾತ್ರ. ಜೋರಾಗಿ ತಿರುಗಿಸಿದಾಗ ಅದು ಒಳಗಿನ ಪಟ್ಟಿ ನೋಡಿ ಸುರಿಯುತ್ತದೆ, ಹೊಸ ಸೈಲೆನ್ಸರ್ ಆ ಪಟ್ಟಿಯಲ್ಲಿ ಇಲ್ಲ. ಬರೀ ಸೈಲೆನ್ಸರ್ ಬದಲಾಗಿದ್ದರೆ ಎಷ್ಟೋ ಗಾಡಿಗಳಿಗೆ ಏನೂ ಬೇಕಾಗುವುದಿಲ್ಲ. ಸೋರಿಕೆ ಮಾತ್ರ ಇಲ್ಲಿ ಇನ್ನೂ ದೊಡ್ಡ ಶತ್ರು. ಸೆನ್ಸರಿಗಿಂತ ಮುಂಚೆ ಗಾಳಿ ನುಗ್ಗಿದರೆ ಇಸಿಯು ಲೀನ್ ಅಂದುಕೊಂಡು ಸುಮ್ನೆ ಪೆಟ್ರೋಲ್ ಸುರಿಯುತ್ತದೆ.

ಮೇಲಿನ ಎಳೆತವೂ ಬೇಕು ಅಂದರೆ ಬೇರೆ ಸಾಧನ ಸಿಕ್ಕಿಸಬೇಕು. ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನವರ ಪವರ್‌ಟ್ರಾನಿಕ್, ಫ್ಯುಯೆಲ್‌ಎಕ್ಸ್ ಇವೆ. ಪವರ್‌ಟ್ರಾನಿಕ್ ಹಾಕಿಸುವುದಾದರೆ ನಿಮ್ಮ ಸೈಲೆನ್ಸರಿಗೆ ತಕ್ಕ ಮ್ಯಾಪ್ (ಪೆಟ್ರೋಲಿನ ಪಟ್ಟಿ) ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಮಾಡಿಕೊಡುವವರ ಹತ್ತಿರವೇ ಹಾಕಿಸಿ. ನೂರಿನ್ನೂರು ರೂಪಾಯಿಗೆ ಸಿಗುವ "ಚಿಪ್" ಕೊಳ್ಳಬೇಡಿ. ಬಿಚ್ಚಿ ನೋಡಿದ್ದೇನೆ, ಒಳಗೆ ಇರುವುದು ಒಂದು ರೆಸಿಸ್ಟರ್. ಗಾಳಿಯ ಸೆನ್ಸರಿಗೆ ಚಳಿಗಾಲ ಅಂತ ಸುಳ್ಳು ಹೇಳಿ ಎಲ್ಲ ಹೊತ್ತಿನಲ್ಲೂ ಒಂದೇ ಸಮನೆ ಪೆಟ್ರೋಲ್ ಏರಿಸುತ್ತದೆ.

ಎಲ್ಲ ಮುಗಿದ ಮೇಲೆ ಮೇನ್ ಜೆಟ್ ನಂಬರ್, ಸ್ಲೋ ಜೆಟ್ ನಂಬರ್, ನೀಡಲ್ ಎಲ್ಲಿದೆ, ಸ್ಕ್ರೂ ಎಷ್ಟು ಸುತ್ತು, ಸಿಒ ಎಷ್ಟು ಬಂತು, ಇಷ್ಟನ್ನೂ ಒಂದು ಕಾಗದದಲ್ಲಿ ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಟೂಲ್ ಬಾಕ್ಸಿನಲ್ಲಿ ಇಡಿ. ಕಂಪನಿ ಜೆಟ್‌ಗಳನ್ನೂ ಅದರ ಜೊತೆಗೇ ಇಡಿ, ಹಳೆ ಸೈಲೆನ್ಸರನ್ನು ಗುಜರಿಗೆ ಹಾಕಬೇಡಿ. ಎಫ್‌ಸಿಗೆ ಹೋಗುವಾಗ ಎರಡೂ ಬೇಕಾಗುತ್ತವೆ.